ಹೊಸ ರೆಕ್ಕೆ

ಬಣ್ಣದ ಮೀನಿನ ಅಂಗಡಿಯ ಒಡತಿಗೆ ಗಿರಾಕಿಗಳು ಇಟ್ಟ ಹೆಸರು ‘ಸಂಬಂಧದಕ್ಕ’. ಯಾರಿಗೆ ಯಾರು ಹೊಂದುತ್ತಾರೆಂದು ಹತ್ತು ಸಲ ವಿಚಾರಿಸದೆ ಆಕೆ ಒಂದು ಮರಿಯನ್ನೂ ಮಾರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಸ್ ಡ್ರೈವರೊಬ್ಬ ಬಂದು, ತನ್ನ ಏಂಜಲ್ ಮೀನುಗಳ ಜೊತೆ ಬಿಡಲು ಪಟ್ಟೆಪಟ್ಟೆಯ ಟೈಗರ್ ಬಾರ್ಬ್ ಬೇಕೆಂದ.

“ಕೊಡಲ್ಲ. ಅವು ರೆಕ್ಕೆ ಕಚ್ತವೆ. ಪುಟಾಣಿ ನಿಯಾನ್ ಟೆಟ್ರಾ ಮೀನೂ ಕೇಳ್ಬೇಡಿ, ಅದನ್ನ ನಿಮ್ಮ ಏಂಜಲ್ಲೇ ಗುಳುಂ ಮಾಡತ್ತೆ. ತಳದಲ್ಲಿ ತಮ್ಮ ಪಾಡಿಗೆ ತಾವಿರೋ ಕೋರಿ ಮೀನು ತಗೊಂಡ್ಹೋಗಿ.”

“ಬೆರಳುದ್ದದ ಬಾರ್ಬ್ ಏನು ಮಾಡೀತಕ್ಕಾ?”

ಅಕ್ಕನಿಗೆ ರೇಗಿತು. ಅವನನ್ನು ಒಳಕೋಣೆಯ ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿದಳು. ಇಪ್ಪತ್ತು ವರ್ಷದ ಅನುಭವವಿದ್ದೂ, ಬೇರೆ ತೊಟ್ಟಿಯಲ್ಲಿ ಜಾಗವಿಲ್ಲವೆಂದು, ಕಳೆದ ತಿಂಗಳು ಆಕೆಯೇ ಒಂದು ಏಂಜಲ್ಲನ್ನು ಬಾರ್ಬ್‌ಗಳ ಜೊತೆ ಬಿಟ್ಟಿದ್ದಳು. ಎರಡೇ ದಿನದಲ್ಲಿ ಅದರ ರೆಕ್ಕೆಗಳೆಲ್ಲ ಮೋಟಾಗಿದ್ದವು.

ಅದೇ ಮೀನು ಈಗ ಬೆಳ್ಳಿಯ ತಟ್ಟೆಯಂತೆ ತೇಲಿ ಬಂತು. ಮೋಟು ಮುಗಿದಲ್ಲಿಂದ ಹೊಸ ರೆಕ್ಕೆ ಹೊಮ್ಮಿತ್ತು. ಅದೆಷ್ಟು ತೆಳುವೆಂದರೆ, ಹಿಂದಿದ್ದ ಗಿಡದ ಎಲೆಗಳು ಅದರೊಳಗಿಂದ ಹಸಿರಾಗಿ ಕಾಣುತ್ತಿದ್ದವು. ಡ್ರೈವರ್ ರೆಪ್ಪೆ ಬಡಿಯುವುದನ್ನೇ ಮರೆತ.

“ಏನು ಔಷಧಿ ಹಾಕಿದ್ರಕ್ಕಾ?”

“ಔಷಧಿನೂ ಇಲ್ಲ, ಮಣ್ಣೂ ಇಲ್ಲ. ನೀರು ಚೊಕ್ಕಟವಾಗಿಟ್ಟೆ, ಕಚ್ಚೋರನ್ನ ದೂರ ಮಾಡಿದೆ. ಮಿಕ್ಕಿದ್ದನ್ನ ಅದೇ ಮಾಡ್ಕೊಳ್ತು.”

ಹಾಗೆಂದವಳು, ದಿನವೂ ನೋಡುವುದನ್ನೇ ಹೊಸದಾಗಿ ನೋಡುವಂತೆ ಗಾಜಿಗೆ ಮುಖವಿಟ್ಟಳು. ಡ್ರೈವರ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಹೊರಗೆ ಯಾರೋ ಗಿರಾಕಿ, “ಅಂಗಡೀಲಿ ಯಾರಿದ್ದೀರಿ?” ಎಂದು ಮೂರು ಸಲ ಕೂಗಿದರು. ಇಬ್ಬರಿಗೂ ಕೇಳಿಸಲಿಲ್ಲ.