ವಸತಿ ವಲಯದಲ್ಲಿ ಕೊಳೆತ ಚೆಂಡುಹೂ

ಗುಂಡ್ಲುಪೇಟೆಯ ಅಂಚಿನ ಬಡಾವಣೆಯಲ್ಲಿ ನಾವು ಮನೆ ಕಟ್ಟಿದ್ದು ಅದು ವಸತಿ ವಲಯ ಎಂಬ ಒಂದೇ ಧೈರ್ಯದ ಮೇಲೆ. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂದು ಬಣ್ಣ ಬಳಿದ ಸರ್ಕಾರಿ ನಕ್ಷೆಯಲ್ಲಿ ನಮ್ಮ ಜಾಗ ಹಳದಿ. ಹಳದಿ ಎಂದರೆ ಮನೆಗಳಿಗೇ ಮೀಸಲು ಎಂದು ಸೈಟು ಮಾರಿದವನು ಬೆರಳಿಟ್ಟು ತೋರಿಸಿದ್ದ.

ಎರಡನೇ ಮಳೆಗಾಲಕ್ಕೆ ಹಿಂದಿನ ಖಾಲಿ ಸೈಟುಗಳಿಗೆ ಲಾರಿಗಳು ಬಂದವು. ಬಣ್ಣ ತೆಗೆಯುವ ಕಾರ್ಖಾನೆಗೆಂದು ಬೆಳೆದ ಚೆಂಡುಹೂವನ್ನು ಗುಡ್ಡೆ ಹಾಕಿ, ಟಾರ್ಪಾಲು ಮುಚ್ಚಿ ಹುಳಿ ಬರಿಸತೊಡಗಿದರು. ಕೆಲವೇ ದಿನಗಳಲ್ಲಿ ಕಪ್ಪು ರಸ ಸೋರಿ ನಮ್ಮ ಕಾಂಪೌಂಡಿನ ಬುಡದಲ್ಲಿ ನಿಂತು ಹುಳ ಬಿತ್ತು. ಜೀವಮಾನವೆಲ್ಲ ಕೊಟ್ಟಿಗೆ ಬಳಿದ ನಮ್ಮ ಅತ್ತೆ ಎತ್ತಿದ ತುತ್ತನ್ನು ಹಾಗೇ ತಟ್ಟೆಗಿಟ್ಟರು.

"ಸತ್ತೋದ ಎಮ್ಮೆನ ಪಕ್ಕದಲ್ಲೇ ಮಡೀಕಂಡು ಉಣ್ಣಂಗಾಯ್ತದೆ ಕಣವ್ವ!"

ಎದುರು ಮನೆಯವರು ಬಡಾವಣೆಯ ಸಂಘದ ಅಧ್ಯಕ್ಷರು. ನನಗಿಂತ ಜೋರಾಗಿ ಕೂಗಾಡಿದರು. "ನಾನಿವ್ನಿ ಮೇಡಂ, ಎದ್ರಬ್ಯಾಡಿ. ಇದು ಮನೆ ಜೋನು. ಅದೆಂಗ್ ಮಾಡಾರು, ನೋಡೇಬುಡನ."

ಇಬ್ಬರೂ ಚಾಮರಾಜನಗರದ ಯೋಜನಾ ಕಚೇರಿಗೆ ಹೋದೆವು. ಅಧಿಕಾರಿ ನಕ್ಷೆ ಬಿಡಿಸಿ, "ಅಲ್ಲಿ ಇದಕ್ಕೆಲ್ಲ ಅವಕಾಶವೇ ಇಲ್ಲ" ಎಂದರು. ಮೂಗಿಗೆ ಕರ್ಚೀಫು ಹಿಡಿದು ಬಂದು ನೋಡಿಯೂ ಹೋದರು. ನೋಟಿಸ್ ಕೊಟ್ಟ ಮೇಲೆ ಲಾರಿಗಳು ನಿಂತವು. ಕಿಟಕಿ ತೆರೆದು ಉಂಡೆವು.

ಆ ನೆಮ್ಮದಿ ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಮತ್ತೆ ಟಾರ್ಪಾಲು. ಈ ಸಲ ಅಧ್ಯಕ್ಷರದೇ ಖಾಲಿ ಸೈಟಿನಲ್ಲಿ. ನಾನು ಗೇಟಿನ ಹತ್ತಿರವೇ ಕೇಳಿದೆ.

"ಬಾಡ್ಗೆ ಬತ್ತದೆ ಮೇಡಂ. ನಾನು ಬುಟ್ರೆ ಇನ್ನೊಬ್ಬ ಕೊಡ್ತಾನೆ."

"ಮತ್ತೆ ಈ ನಾತ?"

"ನಾವು ಸಂತೆಮರಹಳ್ಳಿ ಮನೆಗೆ ಓಯ್ತೀವಿ ಬುಡಿ."

ಸೈಟಿನವರೆಲ್ಲ ಸೇರಿ ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಿದರು. ಆಕ್ಷೇಪಣೆ ಸಲ್ಲಿಸಿದವಳು ನಾನೊಬ್ಬಳೇ. ವಿಚಾರಣೆಯ ದಿನ ಅಧ್ಯಕ್ಷರು ನನ್ನ ಪಕ್ಕದ ಕುರ್ಚಿಯಲ್ಲೇ ಕೂತು, "ಅಲ್ಲಿ ನಾತಗೀತ ಏನೂ ಇಲ್ಲ ಸಾರ್, ಊವಿನ ಗಮಲು" ಎಂದರು. ನನಗೆ ಆ ಕಪ್ಪು ರಸಕ್ಕಿಂತ ಅವರ ನಗು ಹೆಚ್ಚು ಹೇಸಿಗೆಯಾಯಿತು. ಕರ್ಚೀಫು ಹಿಡಿದು ಬಂದಿದ್ದ ಅಧಿಕಾರಿಯೂ ತಲೆಯಾಡಿಸಿದರು.

ನಮ್ಮ ಸಾಲೂ ಸೇರಿ ಅಷ್ಟೂ ಜಾಗ ನಕ್ಷೆಯಲ್ಲಿ ನೇರಳೆಯಾಯಿತು. ಮುಂದಿನ ವರ್ಷ, ವಾಸನೆ ತುಸು ಕಡಿಮೆ ಇರುವ ಮಹಡಿಯ ಮೇಲೆ ಅತ್ತೆಗೊಂದು ಕೋಣೆ ಕಟ್ಟಿಸೋಣವೆಂದು ಪರವಾನಗಿ ಕೇಳಲು ಪುರಸಭೆಗೆ ಹೋದೆ.

"ಅದೀಗ ಕೈಗಾರಿಕಾ ವಲಯ, ಮೇಡಂ. ಇರೋ ಮನೇಲಿ ಇದ್ಕೊಳ್ಳಿ. ಹೊಸದಾಗಿ ಕಟ್ಟೋಕೆ ಬರಲ್ಲ."

ಕೊಳೆಯುವ ಗುಡ್ಡೆ ಕಾನೂನಿನೊಳಗೆ. ನನ್ನ ಅಡುಗೆಮನೆ ಅದರ ಹೊರಗೆ. ವಾಪಸು ಬಂದು ಹಿಂದಿನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿಸಿದೆವು. ಈಗ ಹಗಲಲ್ಲೂ ಲೈಟು ಹಾಕಿಕೊಂಡೇ ಅಡುಗೆ.

ಮೊನ್ನೆ ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಅಧ್ಯಕ್ಷರು ಎದುರಾಗಿ, "ಚೆಂದಾಗಿದ್ದೀರಾ ಮೇಡಂ?" ಎಂದು ಕೈಮುಗಿದರು. ನಾನು ಬಸ್ ಹತ್ತಿದೆ.