ಅಪ್ಪನ ಫೋಟೋ ತೆಗೆದ ಮೇಲೆ

ಅಪ್ಪ ತೀರಿಕೊಂಡದ್ದು ವಿಜಯವಾಡದಲ್ಲಿ. ರೋಹಿಣಿ ಕಾರ್ತೆ ಎಂದು ಅಲ್ಲಿಯವರು ಹೆದರಿ ಹೇಳುವ ಬಿಸಿಲಿನ ದಿನಗಳು, ಎಂಬತ್ತರ ದಶಕದ ನಡುಭಾಗ. ನಾನು ಅಲ್ಲಿಯ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ, ಮದುವೆ ಆಗಿರಲಿಲ್ಲ. ಧಾರವಾಡದ ಕಡೆಯ ನಮ್ಮೂರಿನಿಂದ ಅಪ್ಪ ಅವ್ವ ಕೆಲವು ದಿನ ಇದ್ದು ಹೋಗಲೆಂದು ಬಂದಿದ್ದರು. ಆ ಬೆಳಿಗ್ಗೆ ಅಪ್ಪ ಕೃಷ್ಣೆಯಲ್ಲಿ ಸ್ನಾನ ಮಾಡಿ ಬಂದು, ಎದೆಯ ಮೇಲೆ ಏನೋ ಇಟ್ಟ ಹಾಗಾಗುತ್ತದೆ ಎಂದು ಗೋಡೆಗೆ ಒರಗಿದರು. ಅವ್ವ ನೀರು ತರುವಷ್ಟರಲ್ಲಿ ಮುಗಿದಿತ್ತು.

ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಅಪ್ಪನನ್ನು ಅದೇ ಗೋಡೆಗೆ ಕೂರಿಸಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಹಣೆಗೆ ವಿಭೂತಿ ಹಚ್ಚಿದೆವು. ನೆರೆಯ ತೆಲುಗರು ಬಾಗಿಲಲ್ಲಿ ನಿಂತು ಸ್ವಲ್ಪ ಬೆರಗಿನಿಂದ ನೋಡಿದರು. ಆ ಸೆಕೆಯಲ್ಲಿ ಊರಿಗೆ ಒಯ್ಯುವ ಮಾತೇ ಇರಲಿಲ್ಲ. ಅಕ್ಕ ಗದಗಿನಿಂದ ಬಂದು ಮುಟ್ಟುವವರೆಗೆ ಕಾಯುವಂತೆಯೂ ಇರಲಿಲ್ಲ. ಮೇಲಿನ ಮನೆಯ ಹಿರಿಯರು ನನ್ನ ಭುಜ ಮುಟ್ಟಿ ತೆಲುಗಿನಲ್ಲಿ ಮೆಲ್ಲಗೆ ಹೇಳಿದರು: "ಬಾಬು, ನಿಮ್ಮಕ್ಕ ಮುಖ ನೋಡುವುದು ಬೇಡವೇ? ಕ್ಯಾಮೆರಾ ಇದೆಯಲ್ಲ ನಿಮ್ಮ ಹತ್ತಿರ."

ಇತ್ತು. ಸಹೋದ್ಯೋಗಿಯೊಬ್ಬರಿಂದ ಕೊಂಡ ಭಾರವಾದ ಹಳೇ ರಷ್ಯನ್ ಕ್ಯಾಮೆರಾ. ಭಾನುವಾರಗಳಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ಕೃಷ್ಣೆಯ ಘಾಟಿನ ಮೆಟ್ಟಿಲುಗಳ ಮೇಲೆ ಗುರುತಿಲ್ಲದವರ ಮುಖ ತೆಗೆಯುವುದು ನನ್ನ ಹುಚ್ಚು. ಹಿಂದಿನ ವಾರವಷ್ಟೇ ಅಪ್ಪನನ್ನೂ ಅಲ್ಲಿ ನಿಲ್ಲಿಸಿ ತೆಗೆದಿದ್ದೆ.

ಕ್ಯಾಮೆರಾ ತಂದೆ. ಕಿಟಕಿಯ ಒಂದು ಬಾಗಿಲು ಮುಚ್ಚಿಸಿ, ಇನ್ನೊಂದನ್ನು ತೆರೆಸಿದೆ. ಬೆಳಕು ಎಡಗಡೆಯಿಂದ ಬಂತು. ತಲೆ ಸ್ವಲ್ಪ ಬಾಗಿತ್ತು, ಎತ್ತಿ ಹಿಡಿಯಲು ಒಬ್ಬರಿಗೆ ಹೇಳಿದೆ. ಅವರ ಬೆರಳು ಚಿತ್ರದಲ್ಲಿ ಬರಬಾರದೆಂದು ಮತ್ತೆ ಹೇಳಿದೆ. ನನ್ನ ಬೆರಳುಗಳು ತಮ್ಮಷ್ಟಕ್ಕೆ ಫೋಕಸ್ ತಿರುಗಿಸಿದವು. ನನ್ನೊಳಗೆ ಏನೂ ಇರಲಿಲ್ಲ, ಖಾಲಿ ಕೋಣೆಯ ಹಾಗೆ.

ಅಕ್ಕ ಬಂದಾಗ ಮಣ್ಣು ಮಾಡಿ ಆಗಿತ್ತು. ಪ್ರಿಂಟ್ ಕೈಗೆ ಕೊಟ್ಟೆ. ಅವಳು ಬಹಳ ಹೊತ್ತು ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಹೆಂಗರೆ ಕೈ ಬಂತೋ ನಿನಗ?" ಎಂದಳು. ಅದು ಮೆಚ್ಚುಗೆಯೋ ಆಕ್ಷೇಪವೋ ನನಗೆ ಗೊತ್ತಾಗಲಿಲ್ಲ. ಅವ್ವ ಆ ಫೋಟೋ ಕೇಳಲಿಲ್ಲ. ಅಷ್ಟೂ ದಿನ ಅವಳು ಅತ್ತದ್ದನ್ನೂ ನಾನು ಕಾಣಲಿಲ್ಲ.

ಸ್ವಲ್ಪ ದಿನಕ್ಕೆ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. "ನಿನ್ನ ಕೂಡ ಬರ್ತೀನಿ" ಎಂದು ಅವ್ವ ಹೊರಟಳು. ಗುಡ್ಡದ ಇಳಿಜಾರಿನಲ್ಲೊಂದು ಮನೆ ಸಿಕ್ಕಿತು. ಒಗೆದು ಹಾಕಿದ ಬಟ್ಟೆಯ ಮೇಲೆ ಬಂದರಿನ ಅದಿರಿನ ಕೆಂಪು ಧೂಳು ಕೂರುತ್ತಿತ್ತು. ಅವ್ವ ಅದನ್ನು ಕೊಡವಿ ಕೊಡವಿ ಮಡಚುತ್ತಿದ್ದಳು. ನಾವಿಬ್ಬರೂ ಅಪ್ಪನ ಮಾತು ಆಡುತ್ತಿರಲಿಲ್ಲ. ಬ್ಯಾಂಕಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ತಟ್ಟೆಯಲ್ಲಿದ್ದದ್ದನ್ನು ತಿನ್ನುತ್ತಿದ್ದೆ. ಯಾರಾದರೂ ಜೋಕು ಹೇಳಿದರೆ ಉಳಿದವರು ನಕ್ಕದ್ದನ್ನು ನೋಡಿ ನಗುತ್ತಿದ್ದೆ.

ಭಾನುವಾರದ ಹುಚ್ಚು ಮಾತ್ರ ಬಿಡಲಿಲ್ಲ. ಬಂದರಿನ ಗೇಟಿನ ಹತ್ತಿರ ಹಮಾಲರು, ಮೀನು ಬುಟ್ಟಿಯ ಹೆಂಗಸರು, ಸ್ವಲ್ಪ ದೂರದ ಭೀಮುನಿಪಟ್ಟಣದ ಕಡಲ ದಂಡೆಯಲ್ಲಿ ಬಲೆ ಹೊಲಿಯುವ ಮುದುಕರು. ಗುರುತಿಲ್ಲದವರ ಮುಂದೆ ನಿಲ್ಲುವುದು ಸುಲಭವಾಗಿತ್ತು. ಅವರು ನನ್ನನ್ನು ಹೇಗಿದ್ದೀ ಎಂದು ಕೇಳುತ್ತಿರಲಿಲ್ಲ. ಮನೆಯಲ್ಲಿ ಅವ್ವನ ಕಡೆ ಒಮ್ಮೆ ಕ್ಯಾಮೆರಾ ತಿರುಗಿಸಿದ್ದಕ್ಕೆ, "ಇನ್ನ ಯಾಕ ನನ್ನ ಫೋಟೋ" ಎಂದು ಎದ್ದು ಒಳಗೆ ಹೋಗಿದ್ದಳು. ಮತ್ತೆ ನಾನು ಕೇಳಲಿಲ್ಲ.

ಒಂದು ಭಾನುವಾರ ಚಪ್ಪಲಿ ಮೆಟ್ಟುತ್ತಿದ್ದಾಗ ಅವಳೇ ಕೇಳಿದಳು, "ಅಲ್ಲಿ ಹೋಗಿ ಏನ ಮಾಡ್ತಿ?"

"ಮಂದೀ ಫೋಟೋ ತಗೀತೀನಿ."

"ನಾನೂ ಬರ್ತೀನಿ ತಡಿ."

ಭೀಮುನಿಪಟ್ಟಣದಲ್ಲಿ ಬಸ್ಸಿಳಿದು ದಂಡೆಗೆ ಹೋದ ಮೇಲೂ ಅವ್ವ ಮೀನಿನ ವಾಸನೆಗೆ ಮೂಗಿಗೆ ಹಿಡಿದ ಸೆರಗು ತೆಗೆಯಲಿಲ್ಲ. ಮರಳಿನ ಮೇಲೆಲ್ಲ ಮೀನು ಒಣಹಾಕಿದ್ದರು. ಅವನ್ನು ತಿರುವಿ ಹಾಕುತ್ತಿದ್ದ ಒಬ್ಬ ಮುದುಕಿ ನನ್ನ ಕ್ಯಾಮೆರಾ ನೋಡಿ ಎದ್ದು ಬಂದಳು. ತನ್ನ ಗಂಡನ ಫೋಟೋ ತೆಗೆಯಬೇಕಂತೆ. ಅವನಿಗೆ ಲಕ್ವಾ ಹೊಡೆದು ಗುಡಿಸಲಲ್ಲಿ ಬಿದ್ದಿದ್ದಾನಂತೆ.

"ಈಗಲೇ ತೆಗಿ ಬಾಬು," ಎಂದಳು ತನ್ನ ಕರಾವಳಿಯ ತೆಲುಗಿನಲ್ಲಿ. "ಹೋದ ಮೇಲೆ ತೆಗೆದದ್ದು ನನಗೆ ಬೇಡ. ನಮ್ಮ ಭಾವನದು ಒಂದಿದೆ ಹಾಗೆ. ಅದು ಅವನೇ ಅಲ್ಲ."

"ಏನಂತಾಳ?" ಅವ್ವ ಕೇಳಿದಳು.

"ಗಂಡಂದು ಫೋಟೋ ಬೇಕಂತ." ಉಳಿದದ್ದನ್ನು ನಾನು ಹೇಳಲಿಲ್ಲ.

ಗುಡಿಸಲಿನೊಳಗೆ ಕತ್ತಲೆ. ಹಗ್ಗದ ಮಂಚದ ಮೇಲೆ ಮುದುಕ, ಮುಖದ ಒಂದು ಪಕ್ಕ ಜೋತುಬಿದ್ದಿತ್ತು. ಬೆಳಕು ಸಾಲದು ಎಂದೆ. ಮುದುಕಿ ಒಗೆದಿಟ್ಟ ಬಿಳಿ ಪಂಚೆ ತಂದಳು. ಬಾಗಿಲ ಬಳಿ ಅದನ್ನು ಅಗಲಿಸಿ ಹಿಡಿದರೆ ಹೊರಗಿನ ಬಿಸಿಲು ಅದಕ್ಕೆ ಬಡಿದು ಒಳಗೆ ಬೀಳುತ್ತದೆ. ಹಿಡಿಯಲು ಅವ್ವನಿಗೆ ಹೇಳಿದೆ. ಅವಳು ಹಿಡಿಯಲಿಲ್ಲ. ಮೊದಲು ಮಂಚದ ಹತ್ತಿರ ಹೋಗಿ ಕೂತಳು. ಚೊಂಬಿನ ನೀರಲ್ಲಿ ಕೈ ಅದ್ದಿ, ಎದ್ದು ನಿಂತಿದ್ದ ಅವನ ಕೂದಲನ್ನು ನೇವರಿಸಿ ಕೂರಿಸಿದಳು. ಮೂಗಿನ ಸೆರಗು ಯಾವಾಗಲೋ ಜಾರಿತ್ತು.

"ನಮ್ಮವರ್ದೂ ಹಿಂಗಽ ನಿಲ್ತಿತ್ತು," ಎಂದಳು, ಯಾರಿಗೂ ಅಲ್ಲದ ಹಾಗೆ.

ಆಮೇಲೆ ಹೋಗಿ ಪಂಚೆ ಹಿಡಿದಳು. ಮುದುಕ ಸರಿಯಿದ್ದ ಅರ್ಧ ಮುಖದಲ್ಲಿ ನಕ್ಕ. ತೆಗೆದೆ.

ಹೊರಗೆ ಬಂದ ಮೇಲೆ ಮುದುಕಿ ತನ್ನದೂ ಒಂದು ಫೋಟೋ ಆಗಲೆಂದು ಅವ್ವನ ಕೈ ಹಿಡಿದು, ಬೋರಲು ಹಾಕಿದ ದೋಣಿಯ ಮೇಲೆ ತನ್ನ ಪಕ್ಕ ಕೂರಿಸಿಕೊಳ್ಳಲು ಎಳೆದಳು.

"ಬ್ಯಾಡನ್ನು ಆಕಿಗೆ," ಎಂದಳು ಅವ್ವ.

ನಾನು ತೆಲುಗಿನಲ್ಲಿ ಹೇಳಿದೆ. ಮುದುಕಿ ಕೈ ಬಿಡಲಿಲ್ಲ. "ನಾಳೆ ನಾನೂ ಇವಳ ಹಾಗೇ ಅಲ್ಲವೇ ಬಾಬು. ಜೊತೆಗೊಬ್ಬಳು ಇರಲಿ," ಎಂದಳು. ಅದನ್ನೂ ನಾನು ಕನ್ನಡಕ್ಕೆ ತರಲಿಲ್ಲ. ಅವ್ವ ಅವಳ ಮುಖವನ್ನೊಮ್ಮೆ ನೋಡಿ ಕೂತಳು. ಅಪ್ಪ ಹೋದ ಮೇಲೆ ಅವಳದು ಅದೇ ಮೊದಲ ಫೋಟೋ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅವಳು ಹೇಳಿದಳು: "ಅವತ್ತ ನೀ ಫೋಟೋ ತಗಿಯುವಾಗ ನಾ ನಿನ್ನ ಮಾರಿ ನೋಡ್ಕೋತ ಕುಂತಿದ್ದೆ. ಅವರ ಮಾರಿ ನೋಡಾಕ ಆಗಲಿಲ್ಲ ನನಗ. ಮನೀಗೆ ಹೋಗಿ ಅದನ್ನ ತೋರ್ಸು."

ತೋರಿಸಿದೆ. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಅಂಗಿ ಗುಂಡಿ ತಪ್ಪ ಹಾಕ್ಯಾರ."

ಹೌದು, ಒಂದು ಮೇಲೆ ಕೆಳಗಾಗಿತ್ತು. ನೆಂಟರಿಗೆಂದು ಅಷ್ಟು ಸಲ ಪ್ರಿಂಟ್ ಹಾಕಿಸಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಚಲೋ ಬಂದೈತಿ," ಎಂದು ಕೈಗೆ ಕೊಟ್ಟು ರೊಟ್ಟಿ ಬಡಿಯಲು ಹೋದಳು. ರೊಟ್ಟಿಯ ಸಪ್ಪಳ ಕೇಳುತ್ತ ನಾನು ಅಲ್ಲೇ ನಿಂತಿದ್ದೆ. ಏನಾದರೂ ಅನ್ನಿಸಬಹುದೆಂದು ಕಾದೆ. ಅನ್ನಿಸಲಿಲ್ಲ.

ಮುಂದಿನ ಸಲ ಪ್ರಿಂಟ್ ಒಯ್ದು ಕೊಟ್ಟಾಗ ಮುದುಕಿ ತನ್ನನ್ನು ಇಷ್ಟು ಕಪ್ಪು ಮಾಡಿದ್ದೇಕೆಂದು ನನ್ನನ್ನು ಬೈದಳು. ಗಂಡನದನ್ನು ಮಾತ್ರ ತಲೆದೆಸೆಯ ಗೋಡೆಗೆ ಸಿಕ್ಕಿಸಿದಳು. ಅವ್ವ ಆಮೇಲೆ ಆಗಾಗ ನನ್ನ ಜೊತೆ ಬರತೊಡಗಿದಳು. ಅನಕಾಪಲ್ಲಿಯ ಬೆಲ್ಲ ತರಿಸಿ, ಮುದುಕನಿಗೆ ಗಂಜಿಯಲ್ಲಿ ಕರಗಿಸಿ ಕುಡಿಸೆಂದು ಕೊಡುತ್ತಿದ್ದಳು. ಅವರ ಮನೆಯಲ್ಲಿ ಎಳನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಇವಳು ಕನ್ನಡದಲ್ಲಿ, ಅವಳು ತೆಲುಗಿನಲ್ಲಿ, ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನ್ನನ್ನು ಅರ್ಥ ಕೇಳುವುದನ್ನು ಬಿಟ್ಟಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ದಿನ ನಾವು ಹೋದಾಗ ಗುಡಿಸಲಿನ ಮುಂದೆ ಜನ ಸೇರಿದ್ದರು. ಮುದುಕ ಬೆಳಗಿನ ಜಾವ ಹೋಗಿದ್ದ. ಅವನ ಮಗ ನನ್ನ ಹೆಗಲ ಕ್ಯಾಮೆರಾ ಚೀಲ ನೋಡಿ, "ಒಂದು ಫೋಟೋ, ಬಾಬು," ಎಂದ. ನಾನು ಚೀಲದ ಗುಂಡಿ ಬಿಚ್ಚುತ್ತಿದ್ದೆ. ಒಳಗಿಂದ ಮುದುಕಿ, "ಬೇಡ, ಇದೆ," ಎಂದಳು. ಅವ್ವ ಒಳಗೆ ಹೋದಳು, ನಾನು ಚೀಲ ಮುಚ್ಚಿ ಗಂಡಸರ ಜೊತೆ ಮರಳಿನ ಮೇಲೆ ಕೂತೆ. ಯಾರೋ ಬೀಡಿ ಕೊಟ್ಟರು. ಸೇದುವ ಅಭ್ಯಾಸವಿಲ್ಲದಿದ್ದರೂ ತೆಗೆದುಕೊಂಡೆ.

ಒಳಗೆ ಹೆಂಗಸರ ಅಳು ಏರುತ್ತಿತ್ತು. ಅದರ ನಡುವೆ ಒಂದು ದನಿ ಕನ್ನಡದಲ್ಲಿ ಎದ್ದಿತು. ನಮ್ಮ ಕಡೆ ಹೆಂಗಸರು ಹಾಡಿಕೊಂಡು ಅಳುತ್ತಾರಲ್ಲ, ಹಾಗೆ. ಅಪ್ಪನ ಅಂಗಿ, ನದಿ, ಒಂದು ಗುಟುಕು ನೀರು ಕುಡಿಯದೆ ಹೋದದ್ದು. ಅಲ್ಲಿದ್ದ ಯಾರಿಗೂ ಅದು ವಿಚಿತ್ರ ಎನ್ನಿಸಲಿಲ್ಲ. ಮುದುಕಿ ಅವ್ವನನ್ನು ತಬ್ಬಿಕೊಂಡು ತನ್ನದನ್ನು ಅಳುತ್ತಿದ್ದಳು. ನಾನು ಬೀಡಿ ಎಳೆದು ಕೆಮ್ಮಿದೆ. ಕೆಮ್ಮು ನಿಂತ ಮೇಲೂ ಕಣ್ಣು ಸ್ವಲ್ಪ ಹೊತ್ತು ಸೋರುತ್ತಿತ್ತು.

ಬಸ್ ನಿಲ್ದಾಣದಲ್ಲಿ ಅವ್ವ ಸೋಡಾ ಕೇಳಿದಳು. ಅರ್ಧ ಕುಡಿದು ಉಳಿದದ್ದನ್ನು ನನಗೆ ಕೊಟ್ಟಳು. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ಸಮುದ್ರದ ಗಾಳಿ ಮುಖಕ್ಕೆ ಹೊಡೆಯದಂತೆ ನಾನು ಕಿಟಕಿಯ ಗಾಜು ಎಳೆದೆ. ಅದು ಪೂರ್ತಿ ಮುಚ್ಚಲಿಲ್ಲ.