ಸಾಬವ್ವ ನಂಬದ ಟೀಮು

ಮುಂಬಯಿ ಹತ್ತಿರದ ಉಲ್ಹಾಸನಗರದ ಜೀನ್ಸ್ ಕಾರಖಾನೆಯೊಂದರಲ್ಲಿ ಪ್ಯಾಂಟುಗಳ ದಾರ ಕತ್ತರಿಸುವ ಸಾಬವ್ವ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ರಾಯಚೂರಿನಿಂದ ಬಂದ ಮೊದಲ ದಿನವೇ ಕಲ್ಯಾಣ ಸ್ಟೇಶನ್ನಿನಲ್ಲಿ ‘ಗಂಟು ನೋಡಿಕೊಳ್ಳುತ್ತೇನೆ, ನೀರು ಕುಡಿದು ಬಾ’ ಎಂದ ಹೆಂಗಸು ಗಂಟಿನ ಸಮೇತ ಮಾಯವಾಗಿದ್ದಳು.

ಅಂಥವಳ ಮನೆಗೆ ಒಂದು ದಿನ ಜಯೇಶ್ ಎಂಬಾತ ಟೇಪು ಹಿಡಿದು ಬಂದ. ಮಾರ್ಕೆಟ್ಟಿನಲ್ಲಿ ಬಟ್ಟೆಯ ಮೂಟೆ ಹೊರುವ ಅವಳ ಗಂಡ ಹುಲಗಪ್ಪನನ್ನು ಗೋಡೆಗೆ ನಿಲ್ಲಿಸಿ ಅಳೆದ. ಆರು ಅಡಿ ಆರು ಇಂಚು! ಜಯೇಶನ ಕಣ್ಣು ಅರಳಿತು. ಹೊಸ ಬಾಸ್ಕೆಟ್‌ಬಾಲ್ ಲೀಗ್ ಶುರುವಾಗುತ್ತದೆ, ‘ಕಲ್ಯಾಣ್ ರಾಕೆಟ್ಸ್’ ಟೀಮಿಗೆ ತಾನೇ ಕೋಚ್, ಆಟವನ್ನು ತಾನೇ ಕಲಿಸಿ ಸಂಬಳವನ್ನೂ ಕೊಡಿಸುತ್ತೇನೆ ಎಂದ.

ಸಾಬವ್ವ ಗಂಡನನ್ನು ಒಳಗೆ ಕರೆದಳು. “ಚೆಂಡು ಹಿಡಿಯೋದು ಗೊತ್ತಿಲ್ಲದ ಮನಿಷಾಗ ನೌಕರಿ ಯಾಂವ ಕೊಡ್ತಾನ್ರಿ?”

ಹುಲಗಪ್ಪ ಒಪ್ಪಿಯೇಬಿಟ್ಟ. ಮರುವಾರ ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ಇಂಗ್ಲಿಷಿನ ಕಾಗದಕ್ಕೆ ಹೆಬ್ಬೆಟ್ಟು. ಅಲ್ಲಿಗೆ ಸಾಬವ್ವನಿಗೆ ಖಾತ್ರಿಯಾಯಿತು: ಇವರಿಗೆ ಬೇಕಾದದ್ದು ಆಟಗಾರನಲ್ಲ, ಕಿಡ್ನಿ. ಬೆಳಿಗ್ಗೆ ಗಂಡನ ಬೆನ್ನು ತಿಕ್ಕುವ ನೆವದಲ್ಲಿ ಪಕ್ಕೆಯನ್ನೆಲ್ಲ ಸವರಿ ಹೊಲಿಗೆ ಹುಡುಕತೊಡಗಿದಳು.

“ಏನ್ ಹುಡುಕಾಕತ್ತೀ?”

“ಏನಿಲ್ಲ. ಕೈ ಮ್ಯಾಲೆತ್ರಿ.”

ಕೊನೆಗೆ ಒಂದು ದಿನ ಅವನಿಗೆ ಹೇಳದೆ, ಥಾಣೆ ಸ್ಟೇಶನ್ನಿನಲ್ಲಿ ರೈಲು ಬದಲಿಸಿ, ಪಂದ್ಯ ನಡೆಯುತ್ತಿದ್ದ ಖಾರಘರಕ್ಕೆ ಹೋದಳು. ಐನೂರು ಕುರ್ಚಿಗೆ ಮೂವತ್ತು ಜನ. ಚಪ್ಪಾಳೆ ಸ್ಪೀಕರಿನಿಂದ ಬರುತ್ತಿತ್ತು. ಅವಳ ಅನುಮಾನ ಇನ್ನಷ್ಟು ಬಲವಾಯಿತು. ಅಷ್ಟರಲ್ಲಿ ಎದುರಾಳಿಯ ಕೈಯಿಂದ ಆಗಷ್ಟೇ ಹೊರಟ ಚೆಂಡನ್ನು ಹುಲಗಪ್ಪ ಎಗರಿ ಬಡಿದು ಕೆಡವಿದ. ಮೂವತ್ತೂ ಜನ ಎದ್ದು ಕೂಗಿದರು. ಹುಲಗಪ್ಪ ನಕ್ಕ. ಮೂಟೆ ಹೊತ್ತು ಬಗ್ಗಿದ ಆ ಬೆನ್ನು ಇಷ್ಟು ನೆಟ್ಟಗಾಗಬಲ್ಲದೆಂದು ಸಾಬವ್ವನಿಗೆ ಗೊತ್ತೇ ಇರಲಿಲ್ಲ.

ಆರನೇ ಪಂದ್ಯಕ್ಕೆ ಹುಲಗಪ್ಪ ಹೋದಾಗ ಕ್ರೀಡಾಂಗಣದ ಬಾಗಿಲಿಗೆ ಬೀಗ. ಲೀಗೇ ನಿಂತುಹೋಗಿತ್ತು. ಜಯೇಶನ ಫೋನು ಬಂದ್. ಹುಲಗಪ್ಪ ಮತ್ತೆ ಮೂಟೆ ಹೊರಲು ಹೋದ. ‘ನಾ ಹೇಳಿದ್ದಿಲ್ಲೇನು?’ ಎನ್ನಲು ಸಾಬವ್ವನಿಗೆ ಬಾಯಿ ಬರಲಿಲ್ಲ.

ಅವರಿವರನ್ನು ಕೇಳಿಕೊಂಡು ಖಾರಘರದ ಪಕ್ಕದ ಕಾಮೋಠೆಯಲ್ಲಿ ಜಯೇಶನ ಮನೆ ಪತ್ತೆ ಮಾಡಿದಳು. ಅವಳನ್ನು ಕಂಡು ಅವನು ತಲೆ ತಗ್ಗಿಸಿದ.

“ಭಾಭಿ, ಮಾಲಿಕ್ ಭಾಗ್ ಗಯಾ. ಮೇರೆಕೊ ಭೀ ನಹೀ ಬತಾಯಾ.”

ಟೀಮಿನ ಮಾಲೀಕ ಅವನಿಗೂ ಹೇಳದೆ ಓಡಿಹೋಗಿದ್ದ. ಹುಡುಗರಿಗೆ ಮುಖ ತೋರಿಸಲಾಗದೆ ಜಯೇಶ್ ಫೋನು ಬಂದ್ ಮಾಡಿಟ್ಟಿದ್ದ. ನಿಜವೋ ಸುಳ್ಳೋ ಎಂದು ಸಾಬವ್ವ ಅವನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಹರಕು ಹಿಂದಿಯಲ್ಲಿ ಹೇಳಿದಳು: ಅರ್ಧಕ್ಕೆ ಬಿಟ್ಟಿದ್ದೀ, ಪೂರಾ ಕಲಿಸು.

ಈಗ ಭಾನುವಾರಗಳಂದು ಕಾಮೋಠೆಯ ಮೈದಾನದಲ್ಲಿ ಜಯೇಶ್ ಕಲಿಸುತ್ತಾನೆ, ಹುಲಗಪ್ಪ ಆಡುತ್ತಾನೆ. ಸಾಬವ್ವನೂ ಜೊತೆಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಾಳೆ. ಗಂಡನ ಆಟ ನೋಡುತ್ತಲೇ ಕೋಚಿನ ಮೇಲೊಂದು ಕಣ್ಣಿಟ್ಟಿರುತ್ತಾಳೆ.